ಬಂಡೆಯ ಮೇಲೆ 34 ಗಂಟೆ: ‘ಕರ್ನಾಟಿಕ್’ ಉಗಿಹಡಗಿನ ಪ್ರಕರಣ

1869ರ ಸೆಪ್ಟೆಂಬರ್ 13ರಂದು, ನಡುರಾತ್ರಿ ಕಳೆದು 1 ಗಂಟೆ 18 ನಿಮಿಷಕ್ಕೆ, ಸುಯೆಜ್‌ನಿಂದ ಮುಂಬಯಿಗೆ ಹೊರಟಿದ್ದ ‘ಕರ್ನಾಟಿಕ್’ ಎಂಬ ಉಗಿಹಡಗು ಕೆಂಪು ಸಮುದ್ರದ ಬಾಗಿಲಲ್ಲಿರುವ ಅಬು ನುಹಾಸ್ ಎಂಬ ಹವಳದ ದಿಬ್ಬವನ್ನು ಏರಿ ನಿಂತಿತು. ಹಡಗಿನಲ್ಲಿ 34 ಪ್ರಯಾಣಿಕರೂ 176 ಸಿಬ್ಬಂದಿಯೂ ಇದ್ದರು. ಆ ಹೊಡೆತಕ್ಕೆ ಯಾರೂ ಸಾಯಲಿಲ್ಲ. ಸತ್ತ 31 ಮಂದಿಯೂ ಸತ್ತದ್ದು ಮರುದಿನ, ಅಂದರೆ 14ರ ಹಗಲು ಹನ್ನೊಂದರ ಸುಮಾರಿಗೆ, ಬಿಸಿಲು ನೆತ್ತಿಗೇರುತ್ತಿದ್ದ ಹೊತ್ತಿನಲ್ಲಿ, ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಒಂದು ದ್ವೀಪವಿದ್ದಾಗ. ಹಡಗು ಬಂಡೆಗೆ ಬಡಿದದ್ದು ಹೇಗೆಂಬುದನ್ನು ಹಲವರು ಬರೆದಿದ್ದಾರೆ. ನಡುವಿನ 34 ಗಂಟೆ ಅಷ್ಟು ಜನ ಆ ಹಡಗಿನಲ್ಲೇ ಉಳಿದದ್ದು ಏಕೆ, ಹಾಗೆ ಉಳಿಸಿಕೊಂಡ ತೀರ್ಮಾನ ಯಾವ ಹೊತ್ತಿನವರೆಗೆ ಸರಿಯಾಗಿತ್ತು, ಯಾವ ಹೊತ್ತಿನಿಂದ ತಪ್ಪಾಯಿತು ಎಂಬುದು ಈ ಅಧ್ಯಯನದ ವಿಷಯ.

ಕುಂಬಳೆ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತನಾದ ನನಗೆ ಈ ಪ್ರಕರಣ ಹತ್ತಿದ್ದು ಅಕ್ಕನ ಮಗನಿಂದ. ಅವನು ಸರಕು ಹಡಗುಗಳಲ್ಲಿ ಸೆಕೆಂಡ್ ಆಫೀಸರ್. ರಜೆಗೆ ಉಪ್ಪಳಕ್ಕೆ ಬಂದಾಗಲೆಲ್ಲ ನಮ್ಮ ಜಗಲಿಯಲ್ಲಿ ಸಮುದ್ರದ ಮಾತೇ. ಕಾಸರಗೋಡಿನ ಕರಾವಳಿಯಲ್ಲಿ ಹವಳದ ದಿಬ್ಬಗಳಿಲ್ಲ. ಇಲ್ಲಿಯ ಅಪಾಯವೆಂದರೆ ಅಳಿವೆಯ ಮರಳು: ಚಂದ್ರಗಿರಿ, ಶಿರಿಯ ಹೊಳೆಗಳ ಬಾಯಲ್ಲಿ ಮಳೆಗಾಲ ಕಳೆಯುತ್ತಲೇ ಜಾಗ ಬದಲಾಯಿಸುವ ದಿಣ್ಣೆಗಳು. ಆದರೂ ಹವಳದ ದಿಬ್ಬ ನಮ್ಮ ಆಡಳಿತಕ್ಕೆ ಹೊರಗಿನದಾಗಿರಲಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕಾಸರಗೋಡು ತಾಲೂಕು ಯಾವ ನವೆಂಬರ್ 1ರಂದು ಜಿಲ್ಲೆಯಿಂದ ಕಳಚಿ ಕೇರಳಕ್ಕೆ ಹೋಯಿತೋ ಅದೇ ದಿನ ಆ ದ್ವೀಪಗಳೂ ಕಳಚಿ ಕೇಂದ್ರಾಡಳಿತಕ್ಕೆ ಹೋದವು. ಆ ಕಡೆಯ ಸಮುದ್ರದಲ್ಲೂ ಹಡಗುಗಳು ಒಡೆದದ್ದುಂಟು. ‘ಕರ್ನಾಟಿಕ್’ ಯಾವ ಕಂಪನಿಯದೋ ಅದೇ ಪಿ ಆ್ಯಂಡ್ ಓ ಎಂಬ ಬ್ರಿಟಿಷ್ ಹಡಗು ಕಂಪನಿಯ ‘ಕೊಲಂಬೊ’ ಎಂಬ ಹಡಗು 1862ರ ನವೆಂಬರ್‌ನಲ್ಲಿ ಮಿನಿಕಾಯ್‌ನಲ್ಲಿ ಬಂಡೆಗೆ ಸಿಕ್ಕಿ ನಾಶವಾಗಿತ್ತು. ಅಲ್ಲಿ ದೀಪಸ್ತಂಭ ಬೆಳಗಿದ್ದು 1885ರಲ್ಲಿ.

ಹಡಗಿನ ಹೆಸರಿನ ಬಗ್ಗೆ ಒಂದು ಮಾತು. ‘ಕರ್ನಾಟಿಕ್’ ಎಂಬುದು ‘ಕರ್ನಾಟಕ’ವೇ. ಯುರೋಪಿನವರು ಅದನ್ನು ಘಟ್ಟದ ಮೇಲಿನ ಕನ್ನಡ ನಾಡಿನಿಂದ ಎತ್ತಿ ಆರ್ಕಾಟ್ ನವಾಬನ ಬಯಲು ಸೀಮೆಗೆ ಅಂಟಿಸಿದರು. ಹೀಗಾಗಿ ನಮ್ಮ ಹೆಸರನ್ನು ಹೊತ್ತ ಹಡಗೊಂದು ಈಜಿಪ್ಟಿನ ಕಡಲಲ್ಲಿ ಬಿದ್ದುಕೊಂಡಿದೆ. ಅದನ್ನು ನೋಡಲು ಹೋಗುವ ಮುಳುಗುಗಾರರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ.

1862ರಲ್ಲಿ ಲಂಡನ್ನಿನ ಸಮುದಾ ಬ್ರದರ್ಸ್ ಕಾರ್ಖಾನೆಯಲ್ಲಿ ನೀರಿಗಿಳಿದ ಈ ಹಡಗು ಸುಮಾರು 90 ಮೀಟರ್ ಉದ್ದದ್ದು, 1,776 ಟನ್ನಿನದು. ಹಿಂದಿನವರ ಬಾಯಲ್ಲಿ ಆಗಬೋಟು ಎನಿಸಿಕೊಳ್ಳುತ್ತಿದ್ದ ಜಾತಿಯದು. ಆದರೆ ಆ ಕಾಲದ ಹೆಚ್ಚಿನ ಆಗಬೋಟುಗಳಂತೆ ಇದಕ್ಕೂ ಉಗಿಯ ಯಂತ್ರದ ಜೊತೆಗೆ ಹಾಯಿ ಇತ್ತು. ಒಡಲು ಸಂಪೂರ್ಣ ಕಬ್ಬಿಣದ್ದಲ್ಲ: ಕಬ್ಬಿಣದ ಪಕ್ಕೆಲುಬುಗಳನ್ನು ನಿಲ್ಲಿಸಿ ಅವುಗಳ ಮೇಲೆ ಮರದ ಹಲಗೆ ಹೊದೆಸಿದ್ದು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಸುಯೆಜ್ ಕಾಲುವೆ ತೆರೆದದ್ದು ಅದೇ ವರ್ಷದ ನವೆಂಬರ್ 17ರಂದು, ಅಂದರೆ ಈ ಅಪಘಾತವಾಗಿ ಎರಡು ತಿಂಗಳು ಕಳೆದ ಮೇಲೆ. ಅಲ್ಲಿಯವರೆಗೆ ಈ ದಾರಿ ಹಿಡಿದ ಇಂಗ್ಲೆಂಡಿನ ಅಂಚೆ, ಸರಕು, ಪ್ರಯಾಣಿಕರು ಎಲ್ಲವೂ ಅಲೆಕ್ಸಾಂಡ್ರಿಯದಲ್ಲಿ ಒಂದು ಹಡಗಿನಿಂದ ಇಳಿದು, ರೈಲಿನಲ್ಲಿ ಮರುಭೂಮಿ ದಾಟಿ, ಸುಯೆಜ್‌ನಲ್ಲಿ ಇನ್ನೊಂದು ಹಡಗನ್ನು ಏರಬೇಕಿತ್ತು. ಹಾಗೆ ಏರಿದ ಸರಕಿನಲ್ಲಿ ಹತ್ತಿಯ ಬೇಲುಗಳಿದ್ದವು, ತಾಮ್ರದ ತಗಡುಗಳಿದ್ದವು, ರಾಣಿಯ ಅಂಚೆ ಇತ್ತು, ಮದ್ಯದ ಮತ್ತು ಸೋಡಾದ ಶೀಶೆಗಳಿದ್ದವು. ಇವೆಲ್ಲಕ್ಕಿಂತ ಮಿಗಿಲಾಗಿ 40,000 ಪೌಂಡ್ ಬೆಲೆಯ ನಾಣ್ಯದ ಪೆಟ್ಟಿಗೆಗಳಿದ್ದವು. ನಲವತ್ತು ಸಾವಿರ ಪೌಂಡ್ ಎಂದರೆ ಎಷ್ಟೆಂದು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಚಿನ್ನದ ಅಂಗಡಿಗಳಲ್ಲಿ ಇಂದಿಗೂ ನಡೆಯುವ 8 ಗ್ರಾಮಿನ ‘ಪವನು’ ಬ್ರಿಟಿಷರ ಒಂದು ಪೌಂಡಿನ ಚಿನ್ನದ ನಾಣ್ಯದ ತೂಕವೇ. ಆ ಹಣವೆಲ್ಲ ಚಿನ್ನದ ನಾಣ್ಯವಾಗಿದ್ದರೆ ನಲವತ್ತು ಸಾವಿರ ಪವನು, ತೂಕದಲ್ಲಿ ಸುಮಾರು 320 ಕಿಲೋ. ಒಂದೆರಡು ಮದುವೆಯ ಲೆಕ್ಕವಲ್ಲ.

ಸೆಪ್ಟೆಂಬರ್ 12, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ ಹಡಗು ಸುಯೆಜ್ ಬಿಟ್ಟಿತು. ಕಪ್ತಾನ ಪಿ. ಬಿ. ಜೋನ್ಸ್ ಅನುಭವಸ್ಥರು. ಸುಯೆಜ್ ಕೊಲ್ಲಿ ಅಗಲ ಕಿರಿದು, ಎರಡೂ ಕಡೆ ದಿಬ್ಬಗಳು. ಅದಕ್ಕಾಗಿ ಅವರು ಬಹುಪಾಲು ಹೊತ್ತು ತಾವೇ ಮೇಲಿನ ಅಟ್ಟದಲ್ಲಿ ನಿಂತು ಹಡಗು ನಡೆಸಿದರು. ರಾತ್ರಿ 11 ಗಂಟೆ 40 ನಿಮಿಷಕ್ಕೆ ಅಶ್ರಫಿ ದೀಪಸ್ತಂಭದ ಬೆಳಕು ಕಂಡಿತು. ಅದನ್ನು ದಾಟಿ ಆಗ್ನೇಯಕ್ಕೆ ತಿರುಗಿದರೆ ಕೊಲ್ಲಿಯ ಬಾಯಿ, ಬಾಯಿಯ ಬಲಕ್ಕೆ ಶದ್ವಾನ್ ಎಂಬ ದೊಡ್ಡ ಬೋಳು ದ್ವೀಪ, ಆಮೇಲೆ ಕೆಂಪು ಸಮುದ್ರದ ತೆರೆದ ನೀರು. ಶದ್ವಾನ್‌ಗೆ ಕೆಲವೇ ಮೈಲಿ ಮೊದಲು, ನೀರಿನ ಮಟ್ಟದಿಂದ ತಲೆ ಎತ್ತದೆ, ತ್ರಿಕೋನಾಕಾರದಲ್ಲಿ ಮಲಗಿರುವುದೇ ಅಬು ನುಹಾಸ್.

ಆ ರಾತ್ರಿಯ ಬೆಳಕಿನ ಬಗ್ಗೆ ನಾನು ಒಂದು ಲೆಕ್ಕ ಹಾಕಿ ನೋಡಿದೆ. ಆ ವರ್ಷ ಆಗಸ್ಟ್ 7ರಂದು ಖಗ್ರಾಸ ಸೂರ್ಯಗ್ರಹಣವಾಗಿತ್ತು, ಗ್ರಹಣವಾದರೆ ಅಮಾವಾಸ್ಯೆ. ಅಲ್ಲಿಂದ ಒಂದು ತಿಂಗಳು ಮುಂದೆ ಎಣಿಸಿದರೆ ಸೆಪ್ಟೆಂಬರ್ 6ರ ಸುಮಾರಿಗೆ ಮುಂದಿನ ಅಮಾವಾಸ್ಯೆ, ಅದಾದ ಮೇಲೆ ಭಾದ್ರಪದ. ನಮ್ಮ ಮನೆಗಳಲ್ಲಿ ಚೌತಿಯ ಗಣಪತಿಯನ್ನು ನೀರಿಗೆ ಬಿಟ್ಟು ಎರಡು ಮೂರು ದಿನ ಕಳೆದಿರಬೇಕು. ತಿಥಿ ಸಪ್ತಮಿಯ ಆಸುಪಾಸು. ಸಪ್ತಮಿಯ ಚಂದ್ರ ನಡುರಾತ್ರಿಗೆ ಮೊದಲೇ ಮುಳುಗುತ್ತಾನೆ. ಅಶ್ರಫಿ ದೀಪವನ್ನು ದಾಟಿದ ಮೇಲೆ ಕಪ್ತಾನರಿಗೆ ಇದ್ದದ್ದು ನಕ್ಷತ್ರದ ಬೆಳಕು ಮಾತ್ರ. ಎತ್ತರದ ಶದ್ವಾನ್ ದ್ವೀಪ ಅಂಥ ಬೆಳಕಿನಲ್ಲೂ ಕಪ್ಪಾಗಿ ಕಾಣುತ್ತದೆ, ಕಾಣಿಸಿತು ಕೂಡ. ನೀರಿನೊಳಗಿನ ದಿಬ್ಬ ಕಾಣಬೇಕಾದರೆ ಅದರ ಮೇಲೆ ತೆರೆ ಒಡೆದು ನೊರೆ ಏಳಬೇಕು. ನೊರೆ ಕಂಡಿತು, ತೀರ ತಡವಾಗಿ ಕಂಡಿತು. ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿದರು, ಯಂತ್ರವನ್ನು ಹಿಂದಕ್ಕೆ ಓಡಿಸಿದರು. ಅಷ್ಟರಲ್ಲಿ ಹಡಗು ಹವಳದ ಮೇಲಿತ್ತು.

ನಕ್ಷೆಯಲ್ಲಿ ಅಳೆದರೆ ಸುಯೆಜ್‌ನಿಂದ ಈ ದಿಬ್ಬಕ್ಕೆ ಸುಮಾರು 160 ನಾಟಿಕಲ್ ಮೈಲಿ. ಹದಿನೈದೂ ಕಾಲು ಗಂಟೆಯಲ್ಲಿ ಅಷ್ಟು ದೂರ ಬಂದಿದೆ ಎಂದರೆ ವೇಗ ಗಂಟೆಗೆ ಹತ್ತೂವರೆ ನಾಟಿಕಲ್ ಮೈಲಿ. ಅಶ್ರಫಿ ದೀಪದಿಂದ ದಿಬ್ಬಕ್ಕೆ ಸುಮಾರು 17 ನಾಟಿಕಲ್ ಮೈಲಿ, ಒಂದೂ ಮುಕ್ಕಾಲು ಗಂಟೆಗೆ ಒಂದಿಷ್ಟು ಕಡಿಮೆ ದಾರಿ. ಇಷ್ಟು ದೂರದಲ್ಲಿ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೆ ಹಡಗು ಅರ್ಧ ಕಿಲೋಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ನೀರಿನ ಸೆಳೆತ ಅಡ್ಡ ಬಂದರೆ ಅಷ್ಟೇ ತಪ್ಪು ತಾನಾಗಿಯೇ ಆಗುತ್ತದೆ. ಗಂಟು ಹಾಕಿದ ಹಗ್ಗವನ್ನು ನೀರಿಗೆ ಬಿಟ್ಟು ವೇಗ ಅಳೆಯುತ್ತಿದ್ದ ಕಾಲದಲ್ಲಿ ಇಂಥ ತಪ್ಪನ್ನು ಹಿಡಿಯುವ ದಾರಿಗಳು ಎರಡೇ: ವೇಗ ತಗ್ಗಿಸುವುದು, ಇಲ್ಲವೇ ದೀಪದ ದಿಕ್ಕನ್ನೂ ದ್ವೀಪದ ದಿಕ್ಕನ್ನೂ ಮತ್ತೆ ಮತ್ತೆ ಅಳೆದು ನಕ್ಷೆಯಲ್ಲಿ ಗುರುತು ಹಾಕುತ್ತ ಹೋಗುವುದು. ಅಂಚೆ ಹಡಗಿಗೆ ವೇಗ ತಗ್ಗಿಸುವುದು ಕಷ್ಟ; ಅಂಚೆ ಮುಟ್ಟಬೇಕಾದ ದಿನ ಗುತ್ತಿಗೆಯಲ್ಲಿ ಬರೆದಿರುತ್ತದೆ.

ಇಷ್ಟು ಮೊದಲ ತಪ್ಪಿನ ಕಥೆ. ನನ್ನ ಮಟ್ಟಿಗೆ ಅದು ಈ ಪ್ರಕರಣದ ಸಣ್ಣ ಭಾಗ.

13ರ ಬೆಳಗಾದಾಗ ಸ್ಥಿತಿ ಹೀಗಿತ್ತು. ಹಡಗು ದಿಬ್ಬದ ಮೇಲೆ ಗಟ್ಟಿಯಾಗಿ ಕೂತಿದೆ. ಒಳಗೆ ನೀರು ಬರುತ್ತಿದೆ, ಉಗಿಯಿಂದ ಓಡುವ ಪಂಪುಗಳು ಅದನ್ನು ಹೊರಹಾಕುತ್ತಿವೆ. ಭಾರ ಇಳಿಸಿದರೆ ಹಡಗು ತೇಲಿ ಕಳಚಿಕೊಳ್ಳಬಹುದೆಂದು ಹತ್ತಿಯ ಬೇಲುಗಳನ್ನು ಸಮುದ್ರಕ್ಕೆ ಎಸೆಯುತ್ತಿದ್ದಾರೆ. ದೋಣಿಗಳಿವೆ. ಶದ್ವಾನ್ ದ್ವೀಪ ಕೆಲವೇ ಮೈಲಿ ದೂರದಲ್ಲಿ ಕಾಣುತ್ತಿದೆ. ಪ್ರಯಾಣಿಕರು ಬಂದು ತಮ್ಮನ್ನು ದೋಣಿಗಳಲ್ಲಿ ಅಲ್ಲಿಗೆ ಸಾಗಿಸಿ ಎಂದು ಕೇಳಿಕೊಂಡರು. ಕಪ್ತಾನರು ಒಪ್ಪಲಿಲ್ಲ. ಅದೇ ಕಂಪನಿಯ ‘ಸುಮಾತ್ರಾ’ ಎಂಬ ಹಡಗು ಎದುರಿನಿಂದ ಸುಯೆಜ್‌ಗೆ ಬರುವುದಿದೆ, ಇಂದೋ ನಾಳೆಯೋ ಇದೇ ದಾರಿಯಲ್ಲಿ ಹಾಯುತ್ತದೆ, ಅಲ್ಲಿಯವರೆಗೆ ಹಡಗಿನ ಮೇಲೆ ಇರುವುದೇ ಕ್ಷೇಮ ಎಂಬುದು ಅವರ ನಿಲುವಾಗಿತ್ತು. ಊಟ ಉಪಚಾರ ಎಂದಿನಂತೆ ನಡೆಯಿತು. ಪ್ರಯಾಣಿಕರು ಮತ್ತೊಮ್ಮೆ ಕೇಳಿದರು, ಮತ್ತೆ ಅದೇ ಉತ್ತರ ಬಂತು.

ಈ ಭಾಗವನ್ನು ಓದಿ ಹೇಳಿದಾಗ ನಾನು ಕಪ್ತಾನರನ್ನು ಹಟಮಾರಿ ಎಂದೆ. ಅಕ್ಕನ ಮಗ ಒಪ್ಪಲಿಲ್ಲ. “ಮಾವ, ಮೊದಲನೆಯ ದಿನ ನಾನಾದರೂ ಅವರನ್ನು ಇಳಿಸುತ್ತಿರಲಿಲ್ಲ. ಹಡಗು ನಿಂತಿರುವಷ್ಟು ಹೊತ್ತು ಹಡಗೇ ಎಲ್ಲಕ್ಕಿಂತ ದೊಡ್ಡ ದೋಣಿ. ಜನರನ್ನು ಸಣ್ಣ ದೋಣಿಗೆ ಇಳಿಸುವಾಗ ಸಾಯುವವರೇ ಜಾಸ್ತಿ,” ಎಂದ. ಅವನ ಮಾತಿನಲ್ಲಿ ಹುರುಳಿದೆ. ದಿಬ್ಬದ ಪಕ್ಕದಲ್ಲಿ ತೆರೆ ಒಡೆಯುತ್ತಿರುವಾಗ ಮಕ್ಕಳನ್ನೂ ಹೆಂಗಸರನ್ನೂ ಹಗ್ಗದಲ್ಲಿ ತೂಗುವ ದೋಣಿಗೆ ಕೂರಿಸಿ ಕೆಳಗಿಳಿಸುವುದು ಸುಲಭದ ಕೆಲಸವಲ್ಲ. ಶದ್ವಾನ್‌ನಲ್ಲಿ ನೆರಳಿಲ್ಲ, ನೀರಿಲ್ಲ, ಸೆಪ್ಟೆಂಬರ್‌ನ ಬಿಸಿಲು. ಎದುರಿನಿಂದ ಇನ್ನೊಂದು ಹಡಗು ಬರುವುದು ಬರಿಯ ಊಹೆಯಲ್ಲ, ಕಂಪನಿಯ ವೇಳಾಪಟ್ಟಿಯ ಮಾತು. ಇವೆಲ್ಲವನ್ನೂ ತೂಗಿದರೆ 13ರ ಹಗಲಿನ ‘ಇಲ್ಲ’ ಸರಿಯಾದ ‘ಇಲ್ಲ’ ಎಂದು ನಾನೂ ಈಗ ಒಪ್ಪುತ್ತೇನೆ. ನಲವತ್ತು ಸಾವಿರ ಪೌಂಡಿನ ಪೆಟ್ಟಿಗೆಗಳನ್ನೂ ರಾಣಿಯ ಅಂಚೆಯನ್ನೂ ಬಿಟ್ಟುಹೋಗಲು ಮನಸ್ಸು ಬಂದಿರಲಿಕ್ಕಿಲ್ಲ ಎಂಬುದು ನನ್ನ ಗುಮಾನಿ. ಆದರೆ ಅದು ಗುಮಾನಿ ಮಾತ್ರ, ಅದರ ಮೇಲೆ ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡಲಾಗದು.

ಎರಡನೆಯ ರಾತ್ರಿ ಎಲ್ಲವೂ ಬದಲಾಯಿತು. 14ರ ನಸುಕಿನ ಎರಡು ಗಂಟೆಯ ಹೊತ್ತಿಗೆ ಒಳಗಿನ ನೀರು ಬಾಯ್ಲರುಗಳನ್ನು ಮುಟ್ಟಿತು, ಒಲೆ ಆರಿತು. ಇದನ್ನು ಬರಿಯ ‘ನೀರು ಇನ್ನಷ್ಟು ಏರಿತು’ ಎಂದು ಓದಿದರೆ ಪ್ರಕರಣದ ತಿರುಳೇ ಕೈತಪ್ಪುತ್ತದೆ. ಬಾಯ್ಲರಿನಲ್ಲಿ ಬೆಂಕಿ ಇಲ್ಲದಿದ್ದರೆ ಉಗಿ ಇಲ್ಲ, ಉಗಿ ಇಲ್ಲದಿದ್ದರೆ ಪಂಪು ಇಲ್ಲ, ಪಂಪು ಇಲ್ಲದಿದ್ದರೆ ಬರುವ ನೀರಿಗೆ ಹೋಗುವ ದಾರಿ ಇಲ್ಲ. ಅಲ್ಲಿಯವರೆಗೆ ನೀರಿಗೂ ಯಂತ್ರಕ್ಕೂ ನಡುವೆ ಒಂದು ಪಂದ್ಯ ನಡೆಯುತ್ತಿತ್ತು. ಆ ಗಳಿಗೆಯಿಂದ ಪಂದ್ಯವೇ ಇರಲಿಲ್ಲ. ಹಡಗಿನ ಸ್ಥಿತಿ ಇನ್ನು ಮೇಲೆ ಒಂದೇ ದಿಕ್ಕಿಗೆ ಹೋಗಬಲ್ಲದು ಎಂಬುದು ಯಂತ್ರದ ಕೋಣೆಯಲ್ಲಿ ನಿಂತ ಯಾವ ಖಲಾಸಿಗೂ ತಿಳಿದಿರುತ್ತದೆ. ಹಗಲಿನ ಉತ್ತರಕ್ಕೆ ಆಧಾರವಾಗಿದ್ದ ಕಾರಣಗಳಲ್ಲಿ ಮುಖ್ಯವಾದದ್ದು, ಅಂದರೆ ಹಡಗು ಹೀಗೆಯೇ ನಿಂತಿರುತ್ತದೆ ಎಂಬುದು, ಎರಡು ಗಂಟೆಗೆ ಬಿದ್ದುಹೋಗಿತ್ತು. ಉತ್ತರ ಮಾತ್ರ ಬೆಳಗಾಗಿ ಹನ್ನೊಂದರವರೆಗೆ ಹಾಗೆಯೇ ನಿಂತಿತು. ಕತ್ತಲಲ್ಲಿ ದೋಣಿ ಇಳಿಸಲಿಲ್ಲ ಎಂಬುದನ್ನು ಒಪ್ಪೋಣ. ಬೆಳಕು ಹರಿದ ಮೇಲೂ ನಾಲ್ಕೈದು ಗಂಟೆ ಕಾದದ್ದಕ್ಕೆ ನನಗೆ ಸಮಾಧಾನದ ಕಾರಣ ಸಿಕ್ಕಿಲ್ಲ. ಈ ಮಾತಿಗೆ ಅಕ್ಕನ ಮಗನೂ ಎದುರಾಡಲಿಲ್ಲ. ಚಹಾದ ಲೋಟ ಕೆಳಗಿಟ್ಟು, “ಎರಡು ಗಂಟೆಗೆ ದೋಣಿಗಳನ್ನಾದರೂ ಸಿದ್ಧಮಾಡಿ ಇಟ್ಟುಕೊಳ್ಳಬೇಕಿತ್ತು,” ಎಂದಷ್ಟೇ ಹೇಳಿದ.

ಹನ್ನೊಂದರ ಸುಮಾರಿಗೆ ಕಪ್ತಾನರು ಕೊನೆಗೂ ಒಪ್ಪಿದರು. ಅಂದಿನ ಪದ್ಧತಿಯಂತೆ ಹೆಂಗಸರು ಮಕ್ಕಳು ಮೊದಲು. ಮೂವರು ಹೆಂಗಸರೂ ಒಂದು ಮಗುವೂ ದೋಣಿಯಲ್ಲಿ ಕೂತದ್ದೇ ಆಯಿತು, ಹಡಗು ಎಚ್ಚರಿಕೆಯನ್ನೇ ಕೊಡದೆ ಎರಡು ತುಂಡಾಯಿತು. ಹಿಂಭಾಗ ಜಾರಿ ಆಳಕ್ಕಿಳಿಯಿತು. ಐವರು ಪ್ರಯಾಣಿಕರೂ 26 ಸಿಬ್ಬಂದಿಯೂ ಅದರೊಡನೆ ಹೋದರು. ಪಿ ಆ್ಯಂಡ್ ಓ ಹಡಗುಗಳಲ್ಲಿ ಹಾಯಿ ಕಟ್ಟುವವರು, ಒಲೆಗೆ ಕಲ್ಲಿದ್ದಲು ಹಾಕುವವರು ಬಹುಪಾಲು ನಮ್ಮ ಕಡೆಯ ದೇಶಗಳವರೇ ಆಗಿರುತ್ತಿದ್ದರು.

ಹಡಗು ಏಕೆ ಒಡೆಯಿತು ಎಂಬುದನ್ನು ನನಗೆ ತಿಳಿಸಿಕೊಟ್ಟವರು ಎಂಜಿನಿಯರ್ ಅಲ್ಲ, ಕೊಯಿಪ್ಪಾಡಿ ಕಡಪ್ಪುರದ ಒಬ್ಬ ಹಿರಿಯ ಮೊಗವೀರರು. ನನಗೆ ಪರಿಚಿತರು, ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅವರನ್ನು ಅಣ್ಣ ಎಂದೇ ಕರೆಯುವುದು. ದೊಡ್ಡ ಅಲೆ ಇಲ್ಲ, ಬಿರುಗಾಳಿ ಇಲ್ಲ, ಬಂಡೆಯ ಮೇಲೆ ಕೂತ ಹಡಗು ತಾನಾಗಿಯೇ ಮುರಿಯುವುದು ಹೇಗೆ ಎಂದು ನಾನು ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಪಕ್ಕದ ತೋಟದಲ್ಲಿ ಬಿದ್ದಿದ್ದ ಒಂದು ಅಡಿಕೆ ಹಾಳೆಯನ್ನು ತಂದು, ಎರಡು ತುದಿಗಳನ್ನೂ ಮಡಚಿ ಬಳ್ಳಿಯಿಂದ ಕಟ್ಟಿ ದೋಣಿಯಂತೆ ಮಾಡಿದರು. ಮೊದಲು ಅದನ್ನು ಮರಳಿನ ಮೇಲಿಟ್ಟು ಚೆಂಬಿನಿಂದ ನೀರು ಹೊಯ್ದರು. ಹಾಳೆ ಮರಳಿನಲ್ಲಿ ಒಂದಿಷ್ಟು ಕುಸಿದು ಹಾಗೆಯೇ ಕೂತಿತು. “ಇದು ನಮ್ಮ ಅಳಿವೆ. ಮರಳು ದೋಣಿಗೆ ಹಾಸಿಗೆ ಕೊಡ್ತದೆ, ಮಾಷ್ಟ್ರೇ,” ಎಂದರು. ಆಮೇಲೆ ನೀರು ಚೆಲ್ಲಿ, ಹಾಳೆಯ ಮುಂಭಾಗ ಮಾತ್ರ ಕಲ್ಲಿನ ಮೇಲಿದ್ದು ಹಿಂಭಾಗ ಗಾಳಿಯಲ್ಲಿರುವಂತೆ ಇಟ್ಟರು. ಮುಂಭಾಗದ ಮೇಲೆ ಇನ್ನೊಂದು ಕಲ್ಲು ಹೇರಿ ಒತ್ತಿ ಹಿಡಿದು, ಹಿಂಭಾಗಕ್ಕೆ ಸ್ವಲ್ಪ ಸ್ವಲ್ಪವೇ ನೀರು ಹೊಯ್ಯುತ್ತ ಹೋದರು. ಬಹಳ ಹೊತ್ತು ಏನೂ ಆಗಲಿಲ್ಲ. ಹಾಳೆ ಒಂದಿಷ್ಟು ಬಾಗಿತು, ಅಷ್ಟೇ. ಮೂರನೆಯ ಚೆಂಬಿನ ಅರ್ಧದಲ್ಲಿ, ಕಲ್ಲಿನ ಅಂಚು ಎಲ್ಲಿತ್ತೋ ಸರಿಯಾಗಿ ಅಲ್ಲೇ, ಹಾಳೆ ಚಟ್ಟೆಂದು ಸೀಳಿತು.

‘ಕರ್ನಾಟಿಕ್’ಗೆ ಆದದ್ದೂ ಇದೇ. ನೀರಿನಲ್ಲಿ ತೇಲುವ ಹಡಗಿನ ಭಾರವನ್ನು ಇಡೀ ತಳದುದ್ದಕ್ಕೂ ನೀರು ಹೊರುತ್ತದೆ. ಬಂಡೆಯ ಮೇಲೆ ಕೂತಾಗ ಭಾರ ಹೊರುವ ಜಾಗ ಕೆಲವೇ ಮೀಟರಿಗೆ ಇಳಿಯುತ್ತದೆ. ಅಬು ನುಹಾಸ್ ದಿಬ್ಬದ ಅಂಚು ಗೋಡೆಯಂತೆ ಇಪ್ಪತ್ತೈದು ಮೀಟರ್ ಆಳಕ್ಕೆ ಇಳಿಯುವುದರಿಂದ, ಮೂತಿ ಹವಳದಲ್ಲಿ ಕಚ್ಚಿಕೊಂಡಿದ್ದಾಗ ಹಿಂಭಾಗದ ಅಡಿಯಲ್ಲಿ ನೆಲವೇ ಇರಲಿಲ್ಲ. ಅದನ್ನು ಎತ್ತಿ ಹಿಡಿದದ್ದು ನೀರಿನ ಒತ್ತು ಮಾತ್ರ. ಒಳಗೆ ನೀರು ತುಂಬಿದಷ್ಟೂ ಆ ಒತ್ತು ಕೆಲಸಕ್ಕೆ ಬಾರದೆ ಹೋಗುತ್ತದೆ. ನೇತಾಡುವ ಭಾಗದ ಭಾರವೆಲ್ಲ ದಿಬ್ಬದ ಅಂಚಿನ ಮೇಲಿನ ಒಂದೇ ಅಡ್ಡಗೆರೆಯಲ್ಲಿ ಬಂದು ನಿಲ್ಲುತ್ತದೆ: ಮೇಲಿನ ಅಟ್ಟವನ್ನು ಎಳೆಯುತ್ತದೆ, ತಳವನ್ನು ಒತ್ತುತ್ತದೆ. ಕಬ್ಬಿಣದ ಪಕ್ಕೆಲುಬುಗಳು ನಿಂತಿರುವುದು ಅಡ್ಡಕ್ಕೆ. ಈ ಉದ್ದದ ಎಳೆತವನ್ನು ತಡೆಯಲು ಅವು ಹೆಚ್ಚು ನೆರವಾಗವು. ತಡೆಯಬೇಕಾದದ್ದು ತಳದ ಬೆನ್ನೆಲುಬು ಮತ್ತು ಉದ್ದಕ್ಕೆ ಹೊದೆಸಿದ ಹಲಗೆಗಳು. ಅವು 34 ಗಂಟೆ ತಡೆದವು ಎಂಬುದೇ ಹಡಗು ಕಟ್ಟಿದವರ ಹೆಚ್ಚುಗಾರಿಕೆ. ಆದರೆ ತಡೆಯುತ್ತಿರುವ ಹಲಗೆ ಹೊರಗಿನಿಂದ ನೋಡುವವರಿಗೆ ಸುಮ್ಮನೆ ಇರುವ ಹಲಗೆಯಂತೆಯೇ ಕಾಣುತ್ತದೆ. ಕಪ್ತಾನರು ಕಡಲು ಶಾಂತವಾಗಿದ್ದುದನ್ನು ಕಂಡು ಹಡಗೂ ಶಾಂತವಾಗಿದೆ ಎಂದು ಬಗೆದರು ಎನಿಸುತ್ತದೆ. ಇದು ನನ್ನ ಮತ. ಈ ಪ್ರಕರಣದಲ್ಲಿ ನನಗೆ ಹೇಳಲಿರುವುದೂ ಇದೊಂದೇ.

ಉಳಿದವರು ಹೇಗೋ ದೋಣಿಗಳನ್ನು ಹಿಡಿದು, ನೀರಿನಲ್ಲಿದ್ದವರನ್ನು ಎಳೆದುಕೊಂಡು, ತಾವು ಹಿಂದಿನ ದಿನವೇ ಹೋಗಬೇಕೆಂದಿದ್ದ ಶದ್ವಾನ್ ದ್ವೀಪವನ್ನು ಸೇರಿದರು. ಅಲ್ಲಿ ಅವರಿಗೆ ನೆರವಾದದ್ದು ಹಡಗಿನಿಂದ ಎಸೆದಿದ್ದ ಹತ್ತಿಯ ಬೇಲುಗಳು. ತೇಲಿಬಂದು ದಡಕ್ಕೆ ಬಿದ್ದಿದ್ದ ಬೇಲುಗಳನ್ನು ಬಿಚ್ಚಿ ರಾತ್ರಿಯ ಚಳಿಗೆ ಹೊದ್ದುಕೊಂಡರು, ಹತ್ತಿಯನ್ನು ರಾಶಿ ಹಾಕಿ ಬೆಂಕಿ ಹಚ್ಚಿದರು. ಆ ಬೆಂಕಿಯನ್ನು ಕಂಡು ‘ಸುಮಾತ್ರಾ’ ಬಂತು. ಕಪ್ತಾನ ಜೋನ್ಸ್ ಅವರ ಲೆಕ್ಕದಲ್ಲಿ ಈ ಒಂದು ಅಂಶ ಕೊನೆಯವರೆಗೂ ಸರಿಯಾಗಿತ್ತು: ಬರುತ್ತದೆಂದ ಹಡಗು ಬಂದೇ ಬಂತು, ಎಲ್ಲರನ್ನೂ ಹತ್ತಿಸಿಕೊಂಡಿತು.

ಇಂಗ್ಲೆಂಡಿನಲ್ಲಿ ನಡೆದ ವಿಚಾರಣೆಯ ಅಭಿಪ್ರಾಯ ಕಟುವಾಗಿತ್ತು. ಹಡಗು ಒಳ್ಳೆಯದು, ಕಪ್ತಾನರು ನುರಿತವರು, ಸುರಕ್ಷಿತ ಪ್ರಯಾಣಕ್ಕೆ ಬೇಕಾದ್ದೆಲ್ಲ ಇತ್ತು; ಬೇಕಾಗಿದ್ದ ಎಚ್ಚರಿಕೆಯೊಂದನ್ನು ವಹಿಸಲಿಲ್ಲ, ಅದರಿಂದ ಈ ಅನಾಹುತವಾಯಿತು ಎಂಬುದು ಅದರ ಸಾರಾಂಶ. ಅವರ ಪ್ರಮಾಣಪತ್ರವನ್ನು ಒಂಬತ್ತು ತಿಂಗಳು ಅಮಾನತಿನಲ್ಲಿಟ್ಟರು. 31 ಜೀವಕ್ಕೆ ಒಂಬತ್ತು ತಿಂಗಳು ಕಡಿಮೆಯೋ ಹೆಚ್ಚೋ ಎಂಬ ಚರ್ಚೆ ನಮ್ಮ ಜಗಲಿಯಲ್ಲಿ ಎರಡು ಸಂಜೆ ನಡೆಯಿತು, ಮುಗಿಯಲಿಲ್ಲ. ‘ಎಚ್ಚರಿಕೆ’ ಎಂಬ ಮಾತು ಬಂಡೆಗೆ ಬಡಿಯುವ ಮೊದಲಿನ ಒಂದೂವರೆ ಗಂಟೆಗೆ ಸರಿಯಾಗಿ ಹೊಂದುತ್ತದೆ. ಬಡಿದ ಮೇಲಿನ 34 ಗಂಟೆಗೆ, ಅದರಲ್ಲೂ ಕೊನೆಯ ಒಂಬತ್ತು ಗಂಟೆಗೆ, ಅದು ಸಾಲದ ಮಾತು. ಅಲ್ಲಿ ಕಪ್ತಾನರು ಎಚ್ಚರವಾಗಿಯೇ ಇದ್ದರು; ನಿನ್ನೆಯ ಲೆಕ್ಕವನ್ನು ಇವತ್ತು ಮತ್ತೆ ಹಾಕಲಿಲ್ಲ, ಅಷ್ಟೇ.

ಹಣದ ಕಥೆ ಬೇಗ ಮುಗಿಯಿತು. ವಿಮೆಯವರು ತಡಮಾಡದೆ ತಂಡವೊಂದನ್ನು ಕಳಿಸಿದರು. ಲೋಹದ ಶಿರಸ್ತ್ರಾಣ ತೊಟ್ಟು, ಮೇಲಿನಿಂದ ಕೊಳವೆಯಲ್ಲಿ ಗಾಳಿ ಪಡೆಯುತ್ತ ಕೆಲಸ ಮಾಡುವ ಮುಳುಗುಗಾರರು 40,000ದಲ್ಲಿ 32,000 ಪೌಂಡ್ ಮೇಲೆತ್ತಿದರು. ಬರಿ ಉಸಿರು ಬಿಗಿಹಿಡಿದು ಮುಳುಗುವ ಅರಬರು ತಾಮ್ರದ ತಗಡುಗಳನ್ನು ತಂದರು. ದಿಬ್ಬಕ್ಕೆ ‘ಅಬು ನುಹಾಸ್’, ತಾಮ್ರದ ತಂದೆ, ಎಂಬ ಹೆಸರು ಆ ತಾಮ್ರದಿಂದಲೇ ಬಂತೆನ್ನುತ್ತಾರೆ. ಗಲ್ಫ್‌ನಲ್ಲಿ ಮೂವತ್ತು ವರ್ಷ ದುಡಿದು ಬಂದ ನಮ್ಮ ನೆರೆಮನೆಯವರಿಗೆ ಹೆಸರು ಕೇಳಿದೊಡನೆ ಅರ್ಥ ಹೊಳೆಯಿತು. ಮಿಕ್ಕ ಎಂಟು ಸಾವಿರ ಪವನು ಎಲ್ಲಿ ಹೋಯಿತು ಎಂಬುದು ಅವರ ಮುಂದಿನ ಪ್ರಶ್ನೆಯಾಗಿತ್ತು.

ದಿಬ್ಬ ಆಮೇಲೂ ಸುಮ್ಮನಿರಲಿಲ್ಲ. 1978ರಲ್ಲಿ ‘ಕಿಮೊನ್ ಎಂ’, 1981ರಲ್ಲಿ ‘ಕ್ರಿಸೂಲ ಕೆ’, 1983ರಲ್ಲಿ ‘ಜಾನ್ನಿಸ್ ಡಿ’, ಮೂರು ಸರಕು ಹಡಗುಗಳು ಅದೇ ಬಡಗು ಮಗ್ಗುಲಿಗೆ ಬಡಿದು ಅಲ್ಲೇ ಮುಳುಗಿದವು: ಒಂದರಲ್ಲಿ ಬೇಳೆಕಾಳು, ಒಂದರಲ್ಲಿ ನೆಲದ ಹೆಂಚು, ಒಂದರಲ್ಲಿ ಮರ. ಡೀಸೆಲ್, ರೇಡಾರ್ ಎಲ್ಲ ಬಂದ ಮೇಲಿನ ಹಡಗುಗಳಿವು.

ಮುಳುಗುಗಾರರು ತೆಗೆದ ‘ಕರ್ನಾಟಿಕ್’ನ ಚಿತ್ರಗಳನ್ನು ಕೆಲವು ದಿನಗಳ ಹಿಂದೆ ಫೋನಿನಲ್ಲಿ ಕಡಪ್ಪುರದ ಅಣ್ಣನಿಗೆ ತೋರಿಸಿದೆ. ಹಡಗು ಎಡಮಗ್ಗುಲಿಗೆ ಒರಗಿ ದಿಬ್ಬದ ಬುಡದಲ್ಲಿ ಮಲಗಿದೆ. ಮರದ ಹಲಗೆಗಳೆಲ್ಲ ಕರಗಿಹೋಗಿ ಕಬ್ಬಿಣದ ಪಕ್ಕೆಲುಬುಗಳು ಮಾತ್ರ ಸಾಲಾಗಿ ನಿಂತಿವೆ, ಅವುಗಳ ನಡುವಿನಿಂದ ನೀಲಿ ಬೆಳಕು ಬೀಳುತ್ತದೆ, ಗಾಜಿನಂತೆ ಪಾರದರ್ಶಕವಾದ ಸಣ್ಣ ಮೀನುಗಳು ಹಿಂಡಾಗಿ ಹಾಯುತ್ತವೆ. ಅವರು ಮೀನುಗಳನ್ನು ನೋಡಲಿಲ್ಲ. ಪರದೆಯನ್ನು ಬೆರಳಿನಿಂದ ಹಿಗ್ಗಿಸಿ, ಪಕ್ಕೆಲುಬುಗಳ ಸಾಲು ನಿಂತುಹೋಗಿ ಹವಳ ಶುರುವಾಗುವ ಕಡೆ ಉಗುರಿಟ್ಟು, “ಹಾಳೆ ಸೀಳಿದ್ದು ಇಲ್ಲಿ ಅಲ್ವಾ, ಮಾಷ್ಟ್ರೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಲೆ ಬಿಡಿಸಲು ಕೂತರು.